ಕಾಣದುದೆಲ್ಲವೂ ಇಲ್ಲದುದಲ್ಲ

ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ಗಣಕಯಂತ್ರದ ಡಿಸ್ಕು ಏಕಾಏಕಿ ಕೆಟ್ಟುಹೋಯಿತು. ಮೊದಲು ನಮಗೆ ಹೆಚ್ಚಿನ ಚಿಂತೆಯೇನೂ ಆಗಲಿಲ್ಲ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಡುವ ಪದ್ಧತಿಯನ್ನು ನಾವು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದೆವು. ರಿಪೇರಿಯ ತರುಣನು ಹೊಸ ಡಿಸ್ಕನ್ನು ಕೂರಿಸಿ, ವಿಂಡೋಸನ್ನು ಹೊಸದಾಗಿ ಹಾಕಿ, ನಮ್ಮ ನಕಲನ್ನು ಅದರೊಳಗೆ ತುಂಬಿದನು. ಆದರೆ ಒಂದು ಕಡತವನ್ನು ತೆರೆದು ನೋಡುತ್ತಲೇ ನಮ್ಮ ಎದೆ ಧಸಕ್ಕೆಂದಿತು.

2004ರಲ್ಲಿ ನಮ್ಮ ತಾಯಿಯವರು ಹೇಳುತ್ತ ಹೋದ ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡುಗಳನ್ನು ನಾವು ಪಕ್ಕದಲ್ಲಿ ಕುಳಿತು ಬೆರಳಚ್ಚಿಸಿಕೊಂಡಿದ್ದೆವು. ಅವರು ಈಗಿಲ್ಲ; ಆ ಹಾಡುಗಳನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಬಂಧುವರ್ಗದಲ್ಲಿ ಒಬ್ಬರೂ ಉಳಿದಿಲ್ಲ. ಕಾಗದದ ಪ್ರತಿಯನ್ನು ನಾವು ತೆಗೆದಿಡಲಿಲ್ಲ. ಆ ಕಡತದಲ್ಲಿ ಈಗ ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳೂ, ತಲೆಯ ಮೇಲೆ ಗೀರುಬೊಟ್ಟುಗಳನ್ನು ಹೊತ್ತ ಐರೋಪ್ಯ ಅಕ್ಷರಗಳೂ ಅರ್ಥವಿಲ್ಲದೆ ಸಾಲುಗಟ್ಟಿ ನಿಂತಿದ್ದುವು.

“ಫೈಲು ಕೆಟ್ಟುಹೋಗಿದೆ ಮೇಷ್ಟ್ರೇ, ಅಳಿಸಿಬಿಡಲೇ?” ಎಂದು ತರುಣನು ಕೇಳಿದನು.

ನಮಗೆ ಮಾತು ಹೊರಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, “ಅಳಿಸೋದು ಯಾವಾಗ ಬೇಕಾದರೂ ಅಳಿಸಬಹುದು. ಇವತ್ತು ಬೇಡಪ್ಪಾ” ಎಂದರು. ಆ ಒಂದು ಮಾತು ನಮ್ಮ ತಾಯಿಯವರ ಹಾಡುಗಳನ್ನು ಉಳಿಸಿತು.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಒಂದು ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆಯಿಲ್ಲವೆಂದು ತಿಳಿಯಬಹುದು. ಆದರೆ ಅದಕ್ಕೊಂದು ನಿಯಮವುಂಟು: ಮಡಕೆಯಿದ್ದಿದ್ದರೆ ಕಾಣುವಂತಹ ಬೆಳಕು ಅಲ್ಲಿರಬೇಕು. ಕತ್ತಲೆಯ ಕೋಣೆಯಲ್ಲಿ ನಿಂತು ‘ಮಡಕೆಯಿಲ್ಲ’ವೆಂದರೆ ಅದು ಪ್ರಮಾಣವಾಗಲಾರದು. ನಕಲನ್ನು ಮರಳಿ ತುಂಬಿದ ಮೇಲೆ ಕಡತ ಕಾಣದೆ ಹೋದಾಗ, ಓದಲು ಬಾರದೆ ಹೋದಾಗ ಗೃಹಸ್ಥರು ಮಾಡಬೇಕಾದ ಮೊದಲನೆಯ ವಿಚಾರವೇ ಇದು. ಅದು ನಿಜವಾಗಿ ಇಲ್ಲವೋ, ಅಥವಾ ನಮಗೆ ಬೆಳಕಿಲ್ಲವೋ?

ಈ ವಿಚಾರವನ್ನು ಮೂರು ಮೆಟ್ಟಿಲುಗಳಲ್ಲಿ ಮಾಡಬಹುದು.

ಮೊದಲನೆಯದು ಮರೆಯಾಗಿರುವುದು. ವಿಂಡೋಸು ತನ್ನ ಮುಖ್ಯ ಕಡತಗಳನ್ನು ಕೈತಪ್ಪಿ ಅಳಿಸದಂತೆ ಮರೆಮಾಡಿ ಇಡುತ್ತದೆ. ಒಂದು ಡಿಸ್ಕನ್ನು ಬುಡದಿಂದ ಸಮಗ್ರವಾಗಿ ನಕಲು ಮಾಡುವಾಗ ಈ ಗುಪ್ತಲಕ್ಷಣವು ನಮ್ಮ ಸ್ವಂತ ಫೋಲ್ಡರಿಗೂ ಅಂಟಿಕೊಳ್ಳುವುದುಂಟು. ಫೋಲ್ಡರು ಕಾಣುವುದಿಲ್ಲ, ಡಿಸ್ಕಿನ ಜಾಗ ಮಾತ್ರ ತುಂಬಿರುತ್ತದೆ. ಈ ಲೆಕ್ಕ ತಾಳೆಯಾಗದಿದ್ದರೆ, ಮರೆಯಾದ ಕಡತಗಳನ್ನೂ ರಕ್ಷಿತ ಕಡತಗಳನ್ನೂ ತೋರಿಸುವಂತೆ ಏರ್ಪಾಡು ಬದಲಿಸಿ ನೋಡತಕ್ಕದ್ದು.

ಎರಡನೆಯದು ವ್ಯವಸ್ಥೆಯ ಕಡತಗಳೇ ಕೆಟ್ಟಿರುವುದು ಅಥವಾ ಇಲ್ಲದಿರುವುದು. ವಿಂಡೋಸಿನಲ್ಲಿ ಇದಕ್ಕೆ ಎರಡು ಸಾಧನಗಳುಂಟು. ‘ಡಿಸ್ಮ್’ ಎಂಬುದು ಮೂಲ ಉಗ್ರಾಣವನ್ನು ಸರಿಪಡಿಸುತ್ತದೆ. ‘ಎಸ್‌ಎಫ್‌ಸಿ’ ಎಂಬುದು ಆ ಉಗ್ರಾಣದಿಂದ ಒಳ್ಳೆಯ ಪ್ರತಿಗಳನ್ನು ತಂದು ಕೆಟ್ಟುದರ ಸ್ಥಾನದಲ್ಲಿ ಇರಿಸುತ್ತದೆ. ಆದುದರಿಂದ ಮೊದಲು ಡಿಸ್ಮ್, ಅನಂತರ ಎಸ್‌ಎಫ್‌ಸಿ. ಹಳೆಯ ವಿಂಡೋಸ್ ಫೋಲ್ಡರನ್ನು ಹೊಸದರ ಮೇಲೆ ಸುರಿಯುವುದು, ಕಾಣೆಯಾದ ಒಂದು ಡಿಎಲ್‌ಎಲ್ ಕಡತವನ್ನು ಅಪರಿಚಿತ ಸ್ಥಳದಿಂದ ಇಳಿಸಿಕೊಳ್ಳುವುದು, ಇವೆರಡೂ ಸಲ್ಲದು. ಆ ಕಡತ ಯಾವ ತಂತ್ರಾಂಶಕ್ಕೆ ಸೇರಿದೆಯೋ ಆ ತಂತ್ರಾಂಶವನ್ನೇ ಮತ್ತೆ ಹಾಕಬೇಕು.

ಮೂರನೆಯದು ನಕಲಿನೊಳಗೆ ಎಂದೂ ಸೇರದೆ ಇದ್ದುದು. ನಮಗೆ ಒದಗಿದ್ದು ಇದೇ. ನಾವು ಪ್ರತಿ ತಿಂಗಳೂ ನಕಲು ಮಾಡುತ್ತಿದ್ದುದು ನಮ್ಮ ಬರೆಹಗಳನ್ನು. ಅವುಗಳನ್ನು ಕನ್ನಡವಾಗಿ ತೋರಿಸುವ ಅಕ್ಷರಶೈಲಿಗಳು ಇದ್ದುದು ವಿಂಡೋಸಿನ ‘ಫಾಂಟ್ಸ್’ ಎಂಬ ಫೋಲ್ಡರಿನಲ್ಲಿ. ಹಳೆಯ ಡಿಸ್ಕಿನೊಂದಿಗೆ ಅವು ಹೋದುವು. ಎಸ್‌ಎಫ್‌ಸಿಯು ಎಲ್ಲವೂ ಸರಿಯಾಗಿದೆಯೆಂದು ಹೇಳಿತು. ಏಕೆಂದರೆ ಅದು ವಿಂಡೋಸಿನ ಸ್ವಂತ ಕಡತಗಳನ್ನಷ್ಟೇ ಬಲ್ಲುದು, ನಾವು ತಂದು ಸೇರಿಸಿದುದನ್ನು ಅರಿಯದು.

ಇದರ ಕಾರಣವನ್ನು ಕನ್ನಡಿಗರೆಲ್ಲರೂ ತಿಳಿದಿರುವುದು ಒಳ್ಳೆಯದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದುವು. ಆ ಶೈಲಿಯಿಲ್ಲದ ಯಂತ್ರಕ್ಕೆ ಕಾಣುವುದು ರೋಮನ್ ಅಕ್ಷರವೇ. 1991ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಟ್ಟಿತು; 2001ರ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಶೈಲಿಯೊಡನೆ ಬಂದಿತು. ಆದರೂ ನಾವು 2004ರಲ್ಲಿ ಅಭ್ಯಾಸಬಲದಿಂದ ಹಳೆಯ ನುಡಿಯಲ್ಲೇ ಬರೆದಿದ್ದೆವು. ಗ್ರಂಥಲಿಪಿಯನ್ನು ಅರಿಯದವನ ಕೈಯಲ್ಲಿ ತಾಳೆಯೋಲೆಯ ಕಟ್ಟು ಸಿಕ್ಕಂತಾಗಿತ್ತು ನಮ್ಮ ಸ್ಥಿತಿ. ಓಲೆ ಕೆಟ್ಟಿರಲಿಲ್ಲ, ಓದುವ ಕಣ್ಣು ಇರಲಿಲ್ಲ.

ಹಳೆಯ ನುಡಿಯನ್ನು ಮರಳಿ ಸ್ಥಾಪಿಸಿ ಆ ಕಡತವನ್ನು ತೆರೆದ ಸಂಜೆ, ಮೊದಲನೆಯ ಹಸೆಯ ಹಾಡು ಇದ್ದ ಹಾಗೆಯೇ ಕಾಣಿಸಿತು. ನಮ್ಮ ಮನೆಯವರು ಅದನ್ನು ಮೆಲ್ಲನೆ ಓದತೊಡಗಿದರು. ಎರಡನೆಯ ನುಡಿಯ ಹೊತ್ತಿಗೆ ಓದು ರಾಗವಾಗಿತ್ತು. ಅನಂತರ ಪರಿವರ್ತಕದ ಸಹಾಯದಿಂದ ಎಲ್ಲವನ್ನೂ ಯೂನಿಕೋಡಿಗೆ ತಂದೆವು. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪಿದ್ದುವು. ಇಬ್ಬರೂ ಕುಳಿತು ಮೂಲಕ್ಕೆ ಹೋಲಿಸಿ ತಿದ್ದಿದೆವು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಕಡತಗಳೊಡನೆ, ಅವುಗಳನ್ನು ತೆರೆಯಲು ಬೇಕಾದ ತಂತ್ರಾಂಶ, ಅಕ್ಷರಶೈಲಿಗಳನ್ನೂ ಕಾಪಾಡಿರಿ. ಸಾಧ್ಯವಾದರೆ ಇಡೀ ವ್ಯವಸ್ಥೆಯ ಪ್ರತಿಬಿಂಬವನ್ನೇ ತೆಗೆದಿಡಿರಿ. ಮೂರು ತಿಂಗಳಿಗೊಮ್ಮೆ ನಕಲಿನಿಂದ ಒಂದು ಕಡತವನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿರಿ. ಮರಳಿ ಪಡೆದು ನೋಡದ ನಕಲನ್ನು ನಂಬಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ವಿಚಾರ ಮುಗಿಯುವವರೆಗೆ ಏನನ್ನೂ ಅಳಿಸಬೇಡಿರಿ, ಹಳೆಯ ಡಿಸ್ಕನ್ನು ಬಿಸಾಡಬೇಡಿರಿ.

ಹಾಡುಗಳ ಒಂದು ಪ್ರತಿಯನ್ನು ಕಾಗದದ ಮೇಲೂ ಅಚ್ಚು ಮಾಡಿಸಿ, ನಮ್ಮ ತಾಯಿಯವರ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.