ನೋವು ಕನ್ನಡದ್ದು, ಫೋನು ಯಾರದ್ದು?

ಬೆಂಗಳೂರಿನಲ್ಲಿ ಕನ್ನಡಿಗನಿಗೆ ಹೊಟ್ಟೆನೋವು ಬರಬೇಕಾದರೆ ಅವನು ಮೊದಲು ಹಿಂದಿ ಕಲಿತಿರಬೇಕು! ಇಂಗ್ಲಿಷ್ ಬಂದರೆ ಇನ್ನೂ ವಾಸಿ. ಎರಡೂ ಬಾರದಿದ್ದರೆ ಬಾಯಿ ಮುಚ್ಚಿಕೊಂಡು ಬೆಳಗಾಗುವವರೆಗೆ ನರಳಬೇಕು.

ತಮಾಷೆಗೆ ಹೇಳುತ್ತಿಲ್ಲ ಸ್ವಾಮಿ. ನಿಮ್ಮ ಮನೆಯಲ್ಲಿ ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ಹಿಂದೆ ತಿರುಗಿಸಿ ನೋಡಿ. ವೈದ್ಯರ ಸಲಹೆಗೆ ದಿನದ 24 ಗಂಟೆ ಕರೆ ಮಾಡಿ ಎಂದು ಒಂದು ನಂಬರ್ ಇರುತ್ತದೆ. ದೊಡ್ಡ ಆಸ್ಪತ್ರೆಗಳು ಕೊಡುವ ಫೈಲಿನ ಮೇಲೂ ಅಂಥದೊಂದು ನಂಬರ್. ಮೊಬೈಲ್ ಆಪ್‌ಗಳಲ್ಲಂತೂ ಡಾಕ್ಟರು ಬೆರಳ ತುದಿಯಲ್ಲೇ ಕುಳಿತಿದ್ದಾರೆ! ಆ ನಂಬರುಗಳಿಗೆ ಒಮ್ಮೆ ಫೋನ್ ಹಚ್ಚಿ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಕನ್ನಡಕ್ಕೆ? ಕೆಲವರು ಕರುಣೆ ತೋರಿ ಮೂರೋ ನಾಲ್ಕೋ ಕೊಟ್ಟಿದ್ದಾರೆ. ಒತ್ತಿದರೆ ಪಿಟೀಲು ಸಂಗೀತ ಕೇಳುತ್ತಾ ಕೂರಬೇಕು. ಕೊನೆಗೆ ಯಾರೋ ಎತ್ತಿ ಹಿಂದಿಯಲ್ಲೇ ಶುರು ಮಾಡುತ್ತಾರೆ. ಇನ್ನು ಕೆಲವರಲ್ಲಿ ಆ ಮೂರನೇ ಗುಂಡಿಯೂ ಇಲ್ಲ.

ಈ ನೆಲದ ನೀರು ಕುಡಿದು, ಈ ನೆಲದ ರೋಗಿಗಳಿಂದ ಕಂತು ಕಟ್ಟಿಸಿಕೊಂಡು, ಈ ನೆಲದ ಭಾಷೆಯಲ್ಲಿ "ಏನಮ್ಮಾ ತೊಂದರೆ?" ಎಂದು ಕೇಳಲಾರದವರಿಗೆ ನಾವು ಏನೆನ್ನಬೇಕು?

ಫೋನಿಗೆ ಕೈ ಇಲ್ಲ, ಕಣ್ಣಿಲ್ಲ

ಆಂಬುಲೆನ್ಸ್ ಮಾತು ಬೇರೆ. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಶುರುವಾದ 108 ನಮ್ಮಲ್ಲಿದೆ. ಅಪಘಾತ ಆಯಿತು, ಎದೆ ಹಿಡಿದುಕೊಂಡಿತು, ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋಯಿತು ಎಂದರೆ ಬೇರೆ ಯಾವ ನಂಬರನ್ನೂ ಹುಡುಕದೆ 108ಕ್ಕೇ ಹಚ್ಚಬೇಕು. ನಾನು ಹೇಳುತ್ತಿರುವುದು ಅದಕ್ಕಿಂತ ಕೆಳಗಿನ ಮೆಟ್ಟಿಲಿನ ಮಾತು. ರಾತ್ರಿ ಮಗುವಿಗೆ ಜ್ವರ, ಆಸ್ಪತ್ರೆಗೆ ಓಡಬೇಕೋ ಬೆಳಗಿನವರೆಗೆ ನೋಡಬಹುದೋ? ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ಕಡಿತ, ಮುಂದಿನದು ನುಂಗಬೇಕೋ ಬಿಡಬೇಕೋ? ಇಂಥ ಪ್ರಶ್ನೆಗೆ ಉತ್ತರ ಹೇಳುವುದೇ ಸಲಹಾ ಫೋನಿನ ಕೆಲಸ. ಆಟೋ ದುಡ್ಡು ಉಳಿಯುತ್ತದೆ, ಆಸ್ಪತ್ರೆಯಲ್ಲಿ ಗುಂಪು ಕಡಿಮೆಯಾಗುತ್ತದೆ, ಕೆಲವೊಮ್ಮೆ ಜೀವವೂ ಉಳಿಯುತ್ತದೆ. ವ್ಯವಸ್ಥೆ ಒಳ್ಳೆಯದೇ. ನನ್ನ ಜಗಳ ಅದರ ಬಾಯಿಯ ಜೊತೆ!

ಯೋಚಿಸಿ ನೋಡಿ. ಎದುರಿಗೆ ಕುಳಿತ ಡಾಕ್ಟರಿಗೆ ಭಾಷೆ ಬಾರದಿದ್ದರೂ ಕೈ ಇರುತ್ತದೆ. ನಾಡಿ ಹಿಡಿಯುತ್ತಾರೆ, ಹೊಟ್ಟೆ ಅದುಮುತ್ತಾರೆ, ಕಣ್ಣಿನ ರೆಪ್ಪೆ ಎಳೆದು ನೋಡುತ್ತಾರೆ. ಫೋನಿನಲ್ಲಿ ಏನಿದೆ? ಮಾತು ಮಾತ್ರ! ಅಲ್ಲಿ ರೋಗಿಯ ಮಾತೇ ನಾಡಿ, ರೋಗಿಯ ಮಾತೇ ಸ್ಟೆತಾಸ್ಕೋಪು. ಆ ಮಾತೇ ಅರ್ಥವಾಗದಿದ್ದರೆ ಆಮೇಲೆ ಬರುವ ಸಲಹೆ ವೈದ್ಯವಲ್ಲ, ಕವಡೆ ಶಾಸ್ತ್ರ.

2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಟೆಲಿಮೆಡಿಸಿನ್ ನಿಯಮಗಳು ಬಂದವು. ಫೋನಿನ ಮಾತು ಸಾಕೋ, ರೋಗಿಯನ್ನು ಎದುರಿಗೇ ಕರೆಸಿ ನೋಡಬೇಕೋ ಎಂಬ ತೀರ್ಮಾನವನ್ನು ಆ ನಿಯಮ ವೈದ್ಯರ ವಿವೇಚನೆಗೆ ಬಿಟ್ಟಿದೆ. ಸರಿಯಾದದ್ದೇ. ಆದರೆ ಕನ್ನಡವೇ ತಿಳಿಯದ ವೈದ್ಯ ಕನ್ನಡದ ರೋಗಿಯ ವಿಷಯದಲ್ಲಿ ಯಾವ ಆಧಾರದ ಮೇಲೆ ವಿವೇಚನೆ ಮಾಡುತ್ತಾನೆ?

'ಸುಸ್ತು' ಎಂದರೆ ಸೋಮಾರಿತನವಂತೆ!

ಕೆಲ ವರ್ಷಗಳ ಹಿಂದಿನ ಮಾತು. ನಮ್ಮ ತಾಯಿಗೆ ಸಕ್ಕರೆ ಕಾಯಿಲೆ. ಒಂದು ರಾತ್ರಿ ಹತ್ತೂವರೆಗೆ ಮೈಯೆಲ್ಲ ಬೆವರು, ಕೈ ನಡುಕ. "ಸುಸ್ತು ಕಣಪ್ಪಾ, ಸಂಕಟ ಆಗ್ತಿದೆ" ಅಂದರು. ವಿಮೆ ಕಾರ್ಡಿನ ನಂಬರಿಗೆ ಹಚ್ಚಿದೆ. ಎತ್ತಿದ ಹುಡುಗಿಗೆ ಹಿಂದಿ ಬಿಟ್ಟು ಬೇರೆ ಬಾರದು. ಅಮ್ಮನೇ ಫೋನ್ ತೆಗೆದುಕೊಂಡು "ಸುಸ್ತು, ಸಂಕಟ" ಎಂದರು. ಹಿಂದಿಯಲ್ಲಿ ಸುಸ್ತ್ ಎಂದರೆ ಸೋಮಾರಿ, ಮಂಕು. ಸಂಕಟ್ ಎಂದರೆ ಆಪತ್ತು, ವಿಪತ್ತು. ಆ ಹುಡುಗಿ ಪಾಪ, ಮುದುಕಿಗೆ ಏನೋ ಮನಸ್ಸಿನ ತೊಂದರೆ ಎಂದುಕೊಂಡಿತೋ ಏನೋ, ವಿಶ್ರಾಂತಿ ತೆಗೆದುಕೊಳ್ಳಲಿ, ಬೆಳಿಗ್ಗೆ ಮತ್ತೆ ಕರೆ ಮಾಡಿ ಎಂದಿತು! ಹುಡುಗಿಯನ್ನು ನಾನು ಬೈಯುವುದಿಲ್ಲ. ಹೊಟ್ಟೆಪಾಡಿಗೆ ಎಲ್ಲಿಯೋ ಕುಳಿತು ರಾತ್ರಿ ಪಾಳಿ ಮಾಡುವವಳು. ಅವಳನ್ನು ಅಲ್ಲಿ ಕೂರಿಸಿ ಕರ್ನಾಟಕದ ಕರೆಗಳನ್ನು ಅವಳ ಕಿವಿಗೆ ತುರುಕಿದ ಧಣಿಗಳನ್ನು ಬೈಯುತ್ತೇನೆ.

ಫೋನ್ ಇಟ್ಟು ಸರ್ಕಾರದ ಆರೋಗ್ಯವಾಣಿ 104ಕ್ಕೆ ಹಚ್ಚಿದೆ. 2013ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಸೇವೆ ಅದು. ಎತ್ತಿದಾಕೆಯ ಮಾತಿನಲ್ಲೇ ಹುಬ್ಬಳ್ಳಿ ಘಮಘಮ ಎನ್ನುತ್ತಿತ್ತು. "ಊಟ ಮಾಡ್ಯಾರೇನ್ರಿ? ಸಕ್ಕರಿ ಗುಳಿಗಿ ತಗೊಂಡಾರೇನ್ರಿ? ಮಾತಾಡ್ತಾರಲ್ರೀ, ಎಚ್ಚರ ಅದಾರಲ್ರೀ?" ಎಂದು ಮೂರೇ ಪ್ರಶ್ನೆ. ಮಾತ್ರೆ ನುಂಗಿ ಊಟ ಬಿಟ್ಟಿದ್ದರು ನಮ್ಮ ತಾಯಿ. ಅದು ಹೊರಬಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋದರೆ ಊಟ ಕೊಡಿ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಹಚ್ಚಿ ಎಂದರು. ಅರ್ಧ ಗಂಟೆಯಲ್ಲಿ ಅಮ್ಮ ಎದ್ದು ಕುಳಿತರು.

ದುಡ್ಡು ಕೊಟ್ಟು ಕೊಂಡ ಸೇವೆ ಮಲಗಿ ಎಂದಿತು. ಪುಕ್ಕಟೆ ಸೇವೆ ಸಕ್ಕರೆ ಕುಡಿಸಿತು. ರಕ್ತದಲ್ಲಿ ಸಕ್ಕರೆ ಇಳಿದ ಮುದುಕಿಯನ್ನು ಹಾಗೇ ಮಲಗಿಸಿದ್ದರೆ ಏನಾಗುತ್ತಿತ್ತು? ಹೇಳಿ!

ಪೀಠ ಪರೀಕ್ಷೆ ಮಾಡಿಸುವ ಪಂಡಿತರು

"ನಮ್ಮಲ್ಲೂ ಕನ್ನಡ ಇದೆ" ಎನ್ನುವ ಕಂಪನಿಗಳೂ ಉಂಟು. ಅವರ ಕನ್ನಡ ಎಂಥದ್ದು? ನಾನು ಓದಿದ್ದು ಪಿಯುಸಿ. ಆದರೆ ಅಪ್ಪನ ಕಾಲದ ಮೊಳೆ ಜೋಡಿಸುವ ಪ್ರೆಸ್ಸಿನಿಂದ ಇವತ್ತಿನ ಆಫ್‌ಸೆಟ್‌ವರೆಗೆ ಕನ್ನಡದ ಪ್ರೂಫ್ ನೋಡಿಯೇ ಕಣ್ಣು ಸವೆಸಿದವನು. ಒಮ್ಮೆ ಒಂದು ಆಸ್ಪತ್ರೆಯ ಕರಪತ್ರ ಅಚ್ಚಿಗೆ ಬಂತು. ಫೋನ್ ಸಲಹೆಯ ಜಾಹೀರಾತು. ಅದರಲ್ಲಿ ಮಲ ಪರೀಕ್ಷೆ ಎನ್ನಬೇಕಾದ ಕಡೆ 'ಪೀಠ ಪರೀಕ್ಷೆ' ಎಂದಿತ್ತು! ಇಂಗ್ಲಿಷಿನ ಸ್ಟೂಲನ್ನು ಕಂಪ್ಯೂಟರ್ ಕೂರುವ ಸ್ಟೂಲ್ ಮಾಡಿತ್ತು. ತಿದ್ದಿಸದೆ ಅಚ್ಚು ಹಾಕುವುದಿಲ್ಲ ಎಂದು ವಾಪಸ್ ಕಳಿಸಿದೆ.

ಕಾಗದದ ಮೇಲೆ ಇದಕ್ಕೆ ನಗಬಹುದು. ಫೋನಿನಲ್ಲಿ ಹೀಗಾದರೆ? ನಮ್ಮ ಹೆಂಗಸರು "ಉಷ್ಣ ಆಗಿದೆ" ಎಂದರೆ ಉರಿಮೂತ್ರ ಇರಬಹುದು, ಬಾಯಿಹುಣ್ಣು ಇರಬಹುದು. ಪದಕ್ಕೆ ಪದ ಇಟ್ಟು ತಿರುಗಿಸಿದರೆ ಜ್ವರ ಎಂದಾಗುತ್ತದೆ! "ತಲೆ ಸುತ್ತು" ಬೇರೆ, "ತಲೆ ಸಿಡಿತ" ಬೇರೆ. "ಎದೆ ಉರಿ" ಬೇರೆ, "ಎದೆ ಹಿಂಡಿದ ಹಾಗೆ" ಬೇರೆ. ಮೊದಲನೆಯದು ಬಹಳ ಸಲ ಹೊಟ್ಟೆಯ ಹುಳಿ. ಎರಡನೆಯದು ಹೃದಯದ ಕರೆಗಂಟೆ ಇರಬಹುದು. ನಮ್ಮ ಪ್ರೆಸ್ಸಿನ ಬೈಂಡಿಂಗ್ ಹುಡುಗ ರಾಯಚೂರು ಕಡೆಯವನು. ಅವನಿಗೆ ನೋವು ಎಂದರೆ "ಬ್ಯಾನಿ". ಬೆಂಗಳೂರಿನ ಪುಸ್ತಕದ ಕನ್ನಡ ಕಲಿತ ಯಂತ್ರಕ್ಕೆ "ಹೊಟ್ಟಿ ಬ್ಯಾನಿ" ತಿಳಿಯುತ್ತದೆಯೇ? ಡೆಂಗಿ ಕಾಲದಲ್ಲಿ ಈ ಮಾತು ಬಹಳ ಮುಖ್ಯ. ಜ್ವರ ಇಳಿದಾಗಲೇ ಡೆಂಗಿಯ ಅಪಾಯದ ದಿನಗಳು ಶುರು. ಆಗ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. "ಜ್ವರ ಇಳಿದೈತ್ರಿ, ಹೊಟ್ಟಿ ಬ್ಯಾನಿ ಭಾಳ ಆಗೈತಿ" ಎಂಬ ಮಾತಿನಲ್ಲಿ ಮೊದಲರ್ಧ ಮಾತ್ರ ತಿಳಿದವನು "ಗುಣವಾಯಿತು" ಎನ್ನುತ್ತಾನೆ!

ಮಗ ದುಭಾಷಿಯಾದರೆ ಸಾಕೇ?

"ಮನೆಯಲ್ಲಿ ಓದಿದ ಮಕ್ಕಳಿರುತ್ತಾರೆ, ಅವರು ಇಂಗ್ಲಿಷಿನಲ್ಲಿ ಹೇಳಲಿ" ಎನ್ನುತ್ತಾರೆ ಬುದ್ಧಿವಂತರು. ತಮ್ಮಂದಿರೇ, ತಂಗಿಯರೇ, ನಿಮಗೆ ಇಂಗ್ಲಿಷ್ ಬರುತ್ತದೆ, ಒಪ್ಪಿದೆ. ಆದರೆ ನಿಮ್ಮ ಅಮ್ಮ ಬಿಳಿ ಸೆರಗಿನ ತೊಂದರೆಯನ್ನು, ನಿಲ್ಲದ ಮುಟ್ಟಿನ ತೊಂದರೆಯನ್ನು ಮಗನ ಬಾಯಿಂದ ಹೇಳಿಸುತ್ತಾರೆಯೇ? ನಿಮ್ಮ ಅಪ್ಪ ಮೂತ್ರ ಕಟ್ಟುವ ಸಂಗತಿಯನ್ನು ಮಗಳಿಗೆ ಹೇಳುತ್ತಾರೆಯೇ? ಹೇಳುವುದಿಲ್ಲ. ಒಳಗೇ ಇಟ್ಟುಕೊಂಡು ಸವೆಯುತ್ತಾರೆ. ಮುಖ ಕಾಣದ ಫೋನು ನಿಜವಾಗಿ ಬೇಕಾಗಿರುವುದೇ ಇಂಥವರಿಗೆ. ಮಧ್ಯೆ ಒಬ್ಬ ದುಭಾಷಿ ಕುಳಿತರೆ ಗುಟ್ಟು ಎಲ್ಲಿ ಉಳಿಯಿತು?

ಇಂಗ್ಲೆಂಡಿನಲ್ಲಿ ಇಂಥದೇ ಸಲಹೆಗೆ 111 ಎಂಬ ಸರ್ಕಾರಿ ನಂಬರ್ ಇದೆ. ಇಂಗ್ಲಿಷ್ ಬಾರದವರು ತಮ್ಮ ಭಾಷೆಯ ದುಭಾಷಿ ಬೇಕೆಂದು ಅಲ್ಲಿ ಕೇಳಬಹುದು. ವಲಸೆ ಬಂದವರಿಗಾಗಿ ಇಂಗ್ಲಿಷರು ಮಾಡಿದ ಏರ್ಪಾಡು ಅದು. ನಮ್ಮಲ್ಲಿ? ಮನೆಯ ಯಜಮಾನನೇ ಹಿತ್ತಲಲ್ಲಿ ನಿಂತು ದುಭಾಷಿ ಹುಡುಕಬೇಕು!

ಕುಂಟು ನೆಪಗಳು

ಕನ್ನಡ ಬಲ್ಲ ವೈದ್ಯರು, ದಾದಿಯರು ಸಿಗುವುದಿಲ್ಲವಂತೆ! ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜುಗಳಿಗೆ ದೇಶಕ್ಕೇ ಹೆಸರಾದ ನಾಡಿನಲ್ಲಿ ಕುಳಿತು ಹೇಳುವ ಮಾತೇ ಇದು? 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದ ಆರಂಭದ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ಪಾಠ ಇದೆ. ಹೊರಗಿನಿಂದ ಬಂದ ಎಷ್ಟೋ ಡಾಕ್ಟರುಗಳು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಅವರಿಗೆ ನಮಸ್ಕಾರ.

ಆಗುವುದಿಲ್ಲ ಎನ್ನುವವರಿಗೆ ಆಗಿರುವುದನ್ನು ತೋರಿಸೋಣ. 104 ಕನ್ನಡದಲ್ಲಿ ಮಾತಾಡಿತು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ ಶುರುವಾದ ಆಪ್ತಮಿತ್ರ 14410 ಕನ್ನಡದಲ್ಲಿ ಮಾತಾಡಿತು. ಮನಸ್ಸಿನ ಬೇಗೆಗೆ ಸಲಹೆ ಕೊಡಲು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವೇ ತಂದ ಟೆಲಿ ಮಾನಸ್ 14416ಕ್ಕೆ ನಮ್ಮ ನಿಮ್ಹಾನ್ಸೇ ಹಿರಿಯಣ್ಣ. ಅದೂ ಕನ್ನಡದಲ್ಲಿ ಮಾತಾಡುತ್ತದೆ. ಸರ್ಕಾರಕ್ಕೆ ಆಗಿದ್ದು ಕೋಟಿ ಕೋಟಿ ಎಣಿಸುವ ಕಂಪನಿಗಳಿಗೆ ಆಗುವುದಿಲ್ಲವೇ? ಆಗುತ್ತದೆ. ಮನಸ್ಸಿಲ್ಲ. ಕನ್ನಡಿಗ ಹೇಗೂ ಹೊಂದಿಕೊಳ್ಳುತ್ತಾನೆ ಎಂಬ ಸಸಾರ!

ಸರ್ಕಾರವೂ ಬೆನ್ನು ತಟ್ಟಿಕೊಳ್ಳುವುದು ಬೇಡ. ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿರಿ, ಸಂತೋಷ. ಬೋರ್ಡು ಬರೆಸಿದ್ದಾಯಿತು, ಲೈಟು ಹಾಕಿದ್ದಾಯಿತು. ಬೋರ್ಡು ನೋಡಿ ಯಾರ ಜ್ವರ ಇಳಿಯುತ್ತದೆ? ಬಾಗಿಲ ಮೇಲೆ ಶೇಕಡಾ 60 ಕನ್ನಡ, ಬಾಗಿಲ ಒಳಗಿನ ಫೋನಿನಲ್ಲಿ ಸೊನ್ನೆ! ಇದು ಯಾವ ಲೆಕ್ಕ?

ನಮ್ಮ ಬೇಡಿಕೆ

ಒಂದು: ಕರ್ನಾಟಕದ ಆಸ್ಪತ್ರೆ, ವಿಮೆ, ಆಪ್ ಯಾವುದೇ ಇರಲಿ, ಇಲ್ಲಿನವರಿಗೆ ಕೊಡುವ ಸಲಹಾ ಫೋನಿನಲ್ಲಿ ಮೊದಲ ಗುಂಡಿ ಕನ್ನಡದ್ದಾಗಬೇಕು. ಬೇರೆ ಭಾಷೆಗಳೂ ಇರಲಿ. ದುಡಿಯಲು ಬಂದ ಬಿಹಾರದ ಕೂಲಿಯವನ ನೋವೂ ನೋವೇ, ಅವನಿಗೆ ಅವನ ಮಾತಿನಲ್ಲಿ ಸಲಹೆ ಸಿಗಲಿ. ನಮ್ಮ ಮಾತನ್ನು ಹೊರಗೆ ತಳ್ಳಿ ಮಾತ್ರ ಬೇಡ.

ಎರಡು: ಆ ಗುಂಡಿಯ ಆಚೆ ಕನ್ನಡ ಬಲ್ಲ ಮನುಷ್ಯರು ಇರಬೇಕು. ಹೆಂಗಸರು ಕೇಳಿದರೆ ಹೆಂಗಸರೇ ಮಾತಾಡುವ ಏರ್ಪಾಡು ಬೇಕು.

ಮೂರು: 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಇಲ್ಲದೆ ಇಲ್ಲಿ ಖಾಸಗಿ ಆಸ್ಪತ್ರೆ ನಡೆಸುವಂತಿಲ್ಲ. 2017ರಲ್ಲಿ ಅದಕ್ಕೆ ರೋಗಿಗಳ ಹಕ್ಕಿನ ಸನ್ನದು ಸೇರಿತು. ಕನ್ನಡದಲ್ಲಿ ಸಲಹೆ ಪಡೆಯುವ ಹಕ್ಕನ್ನೂ ಆ ಸನ್ನದಿಗೆ ಸೇರಿಸಿ.

ನಾಲ್ಕು: ಸರ್ಕಾರ ತನ್ನ ಸಲಹಾ ಫೋನುಗಳ ನಂಬರನ್ನು ಬಸ್ಸು, ಪಡಿತರ ಅಂಗಡಿ, ಶಾಲೆಯ ಗೋಡೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಲಿ. ಎತ್ತುವವರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡಲಿ.

ಇನ್ನು ನಿಮ್ಮ ಕೆಲಸ, ಗೆಳೆಯರೇ. ಕಲ್ಲು ಎತ್ತಬೇಡಿ, ಫೋನ್ ಎತ್ತಿ. ನಿಮ್ಮ ಅಪ್ಪ ಅಮ್ಮನ ವಿಮೆ ಕಾರ್ಡಿನ ನಂಬರಿಗೆ ಈ ವಾರವೇ ಹಚ್ಚಿ, ಕನ್ನಡದಲ್ಲೇ ಕೇಳಿ. ಆ ಕಡೆಯವರು ಹಿಂದಿಗೆ, ಇಂಗ್ಲಿಷಿಗೆ ಎಳೆದರೆ ನೀವು ಜಾರಬೇಡಿ. ಸಿಟ್ಟಾಗಬೇಡಿ, ಬೈಯಬೇಡಿ, "ಕನ್ನಡ ಬಲ್ಲವರಿಗೆ ಕೊಡಿ, ಕಾಯುತ್ತೇನೆ" ಎನ್ನಿ. ಸಿಗದಿದ್ದರೆ ದಿನಾಂಕ, ಹೊತ್ತು ಬರೆದಿಟ್ಟು ಕಂಪನಿಗೆ ಲಿಖಿತ ದೂರು ಕೊಡಿ. ಅದರ ಪ್ರತಿಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ, ನಿಮ್ಮ ಶಾಸಕರಿಗೂ ಕಳಿಸಿ. ಒಬ್ಬ ಕೇಳಿದರೆ ರಗಳೆ ಎನ್ನುತ್ತಾರೆ. ಹತ್ತು ಸಾವಿರ ಜನ ಕೇಳಿದರೆ ಗಿರಾಕಿ ಎನ್ನುತ್ತಾರೆ. ವ್ಯಾಪಾರಿಗೆ ಅರ್ಥವಾಗುವ ವ್ಯಾಕರಣ ಅದೊಂದೇ!

ನಿಮ್ಮ ಅಜ್ಜಿ ನಾಳೆ ರಾತ್ರಿ "ಯಾಕೋ ಕಣ್ಣು ಕತ್ತಲೆ ಬರ್ತಿದೆ ಮಗಾ" ಎಂದಾಗ, ಆ ಮಾತು ಯಾರ ಅನುವಾದವೂ ಇಲ್ಲದೆ ನೆಟ್ಟಗೆ ಒಬ್ಬ ದಾದಿಯ ಕಿವಿ ಮುಟ್ಟಬೇಕು. ಅಷ್ಟನ್ನು ಗಳಿಸಿಕೊಳ್ಳಲಾಗದಿದ್ದರೆ ನವೆಂಬರ್ ತಿಂಗಳಿಡೀ ಬಾವುಟ ಹಾರಿಸಿ ಏನು ಪ್ರಯೋಜನ?

ಸಿರಿಗನ್ನಡಂ ಗೆಲ್ಗೆ!