ರಾಗಿಯ ಹೊಲವೂ ವಂಶವಾಹಿಯ ಓದೂ

ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರವನ್ನು ದಾಟಿ ನಾಗಮಂಗಲದ ಕಡೆಗೆ ಸಾಗುವವರಿಗೆ ಮೊದಲು ನಾಲೆಯ ನೀರಿನಲ್ಲಿ ಬೆಳೆದ ಭತ್ತ, ಕಬ್ಬು ಕಾಣುತ್ತವೆ. ಅನಂತರ ಮಳೆಯನ್ನೇ ನೆಚ್ಚಿದ ರಾಗಿ, ಹುರುಳಿಯ ಹೊಲಗಳು. ಕೃಷ್ಣರಾಜಪೇಟೆಯಲ್ಲಿ ಎರಡು ಬಗೆಯ ನೆಲವೂ ಉಂಟು. ಈ ನಾಲ್ಕು ತಾಲ್ಲೂಕುಗಳಿಗೂ ಒಂದೇ ಬೀಜ ಒಗ್ಗದೆಂಬುದನ್ನು ರೈತನು ಬಲ್ಲನು. ಸರ್ಕಾರದ ಸಂಶೋಧನೆಯೂ ಇದನ್ನು ಮರೆಯಬಾರದೆಂಬುದೇ ನಮ್ಮ ವಾದ.

ರಾಗಿಯ ಹೂವು ಅತಿ ಸಣ್ಣದು. ಅದು ತನ್ನ ಪರಾಗದಿಂದಲೇ ಫಲಿಸುತ್ತದೆ. ಆದುದರಿಂದ ಒಮ್ಮೆ ಕೊಂಡ ಬೀಜದ ಗುಣ ಮುಂದಿನ ಪೈರಿನಲ್ಲಿಯೂ ಉಳಿಯುತ್ತದೆ. ರೈತನು ತನ್ನ ಕಣಜದ ಕಾಳನ್ನೇ ಮತ್ತೆ ಬಿತ್ತಬಲ್ಲನು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಈ ಹಕ್ಕನ್ನು ಮನ್ನಿಸಿದೆ. ಪ್ರತಿ ವರ್ಷವೂ ಬೀಜ ಮಾರಿ ಲಾಭ ಪಡೆಯಬೇಕಾದ ವ್ಯಾಪಾರಿಗೆ ಇಂಥ ಬೆಳೆಯಲ್ಲಿ ಆಸಕ್ತಿ ಹುಟ್ಟುವುದು ಕಷ್ಟ. ಹೀಗಾಗಿ ರಾಗಿಯ ಸುಧಾರಣೆಯ ಹೊಣೆ ಸಾರ್ವಜನಿಕ ಸಂಸ್ಥೆಗಳದೇ.

ಆ ಹೊಣೆಯನ್ನು ಹೊತ್ತವರ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ದಪ್ಪ ತೆನೆಯ ರಾಗಿಯೊಡನೆ ಬೆರಸಿದರು. ಇಂಡಿಯ, ಆಫ್ರಿಕಗಳ ಮೊದಲ ಅಕ್ಷರಗಳಿಂದಲೇ ಆ ತಳಿಗಳಿಗೆ ‘ಇಂಡಾಫ್’ ಎಂಬ ಹೆಸರಾಯಿತು. ಈ ಕೆಲಸ ಸುಲಭವಾದುದಲ್ಲ. ರಾಗಿಯ ಸಂಕರಣಕ್ಕೆ ತೆನೆಗೆ ತೆನೆಯನ್ನು ತಾಗಿಸಿ ಕಟ್ಟುವುದು ಒಂದು ಉಪಾಯ. ಹಾಗೆ ಮಾಡಿದರೂ ಬಹುಪಾಲು ಕಾಳು ತಾಯಿಯದೇ ಆಗಿರುತ್ತದೆ. ಬೆರಕೆಯಾದ ಕೆಲವೇ ಸಸಿಗಳನ್ನು ಗೆಣ್ಣಿನ ನೇರಳೆ ಬಣ್ಣದಂಥ ಗುರುತಿನಿಂದ ಕಂಡುಹಿಡಿದು, ಹಲವು ತಲೆಮಾರುಗಳವರೆಗೆ ಬೆಳಸಿ ಆರಿಸಬೇಕು.

2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎಂಎಲ್-365 ಎಂಬ ರಾಗಿ ತಳಿಯ ಸಮಗ್ರ ವಂಶವಾಹಿ ಲಿಪಿಯನ್ನು ಓದಿ ಪ್ರಕಟಿಸಿದರು. ಅದರಲ್ಲಿ 85 ಸಾವಿರಕ್ಕೂ ಹೆಚ್ಚು ಜೀನುಗಳಿರಬಹುದೆಂದು ಎಣಿಸಿದರು. ಆ ತಳಿಯ ಪೂರ್ವಜರಲ್ಲಿ ಇಂಡಾಫ್-5 ಒಂದೆಂಬುದು ಗಮನಾರ್ಹ. ಹೊಲದ ದುಡಿಮೆಯಿಂದ ಹುಟ್ಟಿದ ಬೀಜವೇ ಪ್ರಯೋಗಶಾಲೆಗೆ ಓದುವ ವಸ್ತುವಾಯಿತು.

ಲಿಪಿಯನ್ನು ಓದಿಯಾದ ಮೇಲೆ ಹೊಲದ ಕೆಲಸವೇಕೆಂದು ಕೆಲವರು ಕೇಳಬಹುದು. ಬೆಂಕಿರೋಗವನ್ನು ತಡೆಯುವ ಜೀನಿನ ಗುರುತು ತಿಳಿದರೆ ಎಳೆಯ ಎಲೆಯ ಪರೀಕ್ಷೆಯಿಂದಲೇ ಸಸಿಯನ್ನು ಆರಿಸಬಹುದು, ವರ್ಷಗಳು ಉಳಿಯುತ್ತವೆ, ನಿಜ. ಆದರೆ ನಾಗಮಂಗಲದಲ್ಲಿ ಮೂರು ವಾರ ಮಳೆ ತಪ್ಪಿದಾಗ ಪೈರು ಹೇಗೆ ನಿಲ್ಲುತ್ತದೆಂಬುದನ್ನು ಯಾವ ಜೀನುಗಳ ಪಟ್ಟಿಯೂ ಹೇಳಲಾರದು. ಅಲ್ಲಿ ಬಿತ್ತಿ ನೋಡಬೇಕು.

ಆದುದರಿಂದ ಯಂತ್ರಗಳಿಗೆ ಹಣವೊದಗಿಸುವ ಸರ್ಕಾರ ತಳಿ ತಜ್ಞರಿಗೂ ಹೊಲದ ಸಹಾಯಕರಿಗೂ ಅಷ್ಟೇ ಸ್ಥಿರವಾದ ನೆರವು ಕೊಡಲಿ. ಹಲವು ವರ್ಷ ಹಿಡಿಯುವ ಕೆಲಸವನ್ನು ಒಂದು ವರ್ಷದ ಆಯವ್ಯಯದಿಂದ ಅಳೆಯದಿರಲಿ. ಹೊಸ ತಳಿಗಳ ಪರೀಕ್ಷೆ ನಾಲೆಯ ಬಯಲಿನಲ್ಲಷ್ಟೇ ಅಲ್ಲದೆ ಮಳೆಯ ಹೊಲದಲ್ಲಿಯೂ ನಡೆಯಲಿ. ಅದರ ಫಲಿತಾಂಶ ಕನ್ನಡದಲ್ಲಿ ರೈತರ ಕೈಸೇರಲಿ.

ಜೀವಶಾಸ್ತ್ರವನ್ನು ಓದುತ್ತಿರುವ ನಮ್ಮ ತರುಣರು ಗಣಕದ ಮುಂದೆ ಕುಳಿತು ಲಿಪಿಯನ್ನು ಓದಲು ಕಲಿಯಲಿ. ಆದರೆ ರಾಗಿ ತೆನೆಯೊಡೆಯುವ ಕಾಲದಲ್ಲಿ ಹೊಲದ ಬದುವಿನ ಮೇಲೆ ನಿಲ್ಲುವುದನ್ನೂ ಕಲಿಯಲಿ. ಎರಡನ್ನೂ ಬಲ್ಲವರು ನಾಡಿಗೆ ಬೇಕಾಗಿದ್ದಾರೆ.