ಗಾಳದ ಕೋಲೂ ನಮ್ಮ ಮರ್ಯಾದೆಯೂ

ಗಾಳದ ಕೋಲನ್ನು ಮನೆಯಲ್ಲಿ ಕುಳಿತು ಕಟ್ಟುವುದು ವಿದ್ಯಾವಂತನಿಗೆ ತಕ್ಕ ಕೆಲಸವಲ್ಲ ಎಂಬ ಅಭಿಪ್ರಾಯ ನಮ್ಮ ಪೇಟೆಯ ಸಭ್ಯ ಸಮಾಜದಲ್ಲಿ ಭದ್ರವಾಗಿ ಬೇರೂರಿದೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಮೆ. ನಗೆಯಲ್ಲಿ ತೇಲಿಸಿಬಿಡುವವರೇ ಹೆಚ್ಚು. ಹೊಸಪೇಟೆಯ ಮಿತ್ರರೊಬ್ಬರು, ಹಳಗನ್ನಡದಲ್ಲಿ ಒಳ್ಳೆಯ ಪರಿಶ್ರಮವುಳ್ಳವರು, ನನ್ನ ಜಗಲಿಯ ಮೇಲೆ ಒಣಗಲಿಟ್ಟಿದ್ದ ಬಿದಿರಿನ ಗಳುಗಳನ್ನು ಕಂಡು, “ಏನ್ರೀ ಮೇಷ್ಟ್ರೇ, ಎಂ.ಎ. ಮಾಡಿ ಮೇದಾರಿಕೆಗೆ ಇಳಿದಿರೋ?” ಎಂದರು. ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ದ್ವೇಷವಿದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅದರ ಹಿಂದಿನ ವಾರವಷ್ಟೇ ಅವರು ಮೇದರ ಕೇತಯ್ಯನನ್ನು ಕುರಿತು ಒಂದು ಗಂಟೆ ಉಪನ್ಯಾಸ ಮಾಡಿ ಕಾಯಕದ ಮಹಿಮೆಯನ್ನು ಮನಮುಟ್ಟುವಂತೆ ವರ್ಣಿಸಿದ್ದರು. ಎಂಟು ಶತಮಾನಗಳಾಚೆ ಬಿದಿರು ಸೀಳಿದವನು ಶರಣ. ಈ ಹೊತ್ತು ಸೀಳಿದವನು ನಗೆಪಾಟಲು! ಕೇತಯ್ಯನ ಕತ್ತಿಯ ಮೊನೆ ಪಠ್ಯಪುಸ್ತಕದೊಳಗೆ ಬಂದೊಡನೆ ಇಷ್ಟೊಂದು ಮೊಂಡಾಗಬಹುದೆಂದು ಯಾರು ಎಣಿಸಿದ್ದರು?

ಇದು ಒಬ್ಬರ ಮಾತಲ್ಲವಾದ್ದರಿಂದಲೇ ಬಹಿರಂಗವಾಗಿ ಚರ್ಚಿಸಲು ಹೊರಟಿದ್ದೇನೆ. ವಡ್ಡು, ತೋರಣಗಲ್ಲಿನ ಕಡೆಯಿಂದ ಭಾನುವಾರ ಬೆಳಿಗ್ಗೆ ದರೋಜಿ ಕೆರೆಯ ಕಡೆಗೆ ಹೋಗುವ ಹುಡುಗರನ್ನು ನೋಡಿದವರಿಗೆ ಎರಡು ಬಗೆಯ ಕೋಲುಗಳು ಕಾಣುತ್ತವೆ. ಒಂದು, ಅಂಗಡಿಯಿಂದಲೋ ಅಂಚೆಯಿಂದಲೋ ಬಂದ ಮಡಚುವ ಕೋಲು. ಕಪ್ಪು ಬಣ್ಣ, ಬಂಗಾರದ ಅಕ್ಷರ. ಇನ್ನೊಂದು, ಅವರೇ ಕಟ್ಟಿಕೊಂಡ ಬಿದಿರು. ಉಕ್ಕಿನ ಕಾರ್ಖಾನೆಗೆ ದುಡಿಯಲು ಬಂದ ಬಂಗಾಲದ ಕೆಲಸಗಾರರೂ ರಜೆಯ ದಿನ ಈ ಎರಡನೆಯ ಬಗೆಯನ್ನೇ ಹಿಡಿದು ನೀರಿನಂಚಿಗೆ ಕೂಡುತ್ತಾರೆ. ಮೊದಲನೆಯದನ್ನು ಹಿಡಿದವನಿಗೆ ‘ಹವ್ಯಾಸಿ’ ಎಂಬ ಗೌರವದ ಹೆಸರುಂಟು. ಎರಡನೆಯದನ್ನು ಹಿಡಿದವನು ಬರಿಯ ‘ಮೀನು ಹಿಡಿಯೋನು’. ಕೋಲು ಕೊಂಡವನಿಗೆ ಮನ್ನಣೆ, ಕಟ್ಟಿದವನಿಗೆ ತಿರಸ್ಕಾರ. ನನ್ನ ತಕರಾರು ಇಷ್ಟೇ: ಇವರಿಬ್ಬರಲ್ಲಿ ವಿದ್ಯಾವಂತನೆನಿಸಿಕೊಳ್ಳಬೇಕಾದವನು ಎರಡನೆಯವನು.

ಮಿತ್ರರಿಗೆ ಗ್ರಂಥಾಧಾರವಿಲ್ಲದೆ ಸಮಾಧಾನವಾಗದು. ಆಧಾರ ಉಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ವಿಕ್ರಮಾದಿತ್ಯನ ಮಗ, ನಮ್ಮ ತುಂಗಭದ್ರೆಯ ಸೀಮೆಯನ್ನೂ ಆಳಿದವನು, ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ವನ್ನು ಬರೆದ. ಐದು ವಿಂಶತಿಗಳ, ನೂರು ಅಧ್ಯಾಯಗಳ ಆ ಮಹಾಗ್ರಂಥದಲ್ಲಿ ಸಂಗೀತ, ನೃತ್ಯ, ಅಡಿಗೆ, ಆನೆಗಳ ಜೊತೆಗೆ ‘ಮತ್ಸ್ಯವಿನೋದ’ಕ್ಕೂ ಒಂದು ಸ್ಥಾನವುಂಟು. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ಅರಸನೊಬ್ಬ ಕುಳಿತು ಬರೆಸಿದ್ದಾನೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನೆತ್ತಿಕೊಂಡು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಕನ್ನಡ ನಾಡಿನ ಅರಸನ ಗಾಳದ ವಿದ್ಯೆಯನ್ನು ಜಗತ್ತಿಗೆ ತೋರಿಸಲು ಒಬ್ಬ ಪಂಜಾಬಿ ವಿಜ್ಞಾನಿ ಬೇಕಾದರು. ನಾವೇನು ಮಾಡುತ್ತಿದ್ದೆವು? ಬಹುಶಃ ಅದೇ ಗ್ರಂಥದ ಕಾಲನಿರ್ಣಯ ಮಾಡುತ್ತಿದ್ದೆವು.

ಹಾಗೆಂದು ಅರಸನ ಸರ್ಟಿಫಿಕೇಟಿನ ಮೇಲೆ ನನ್ನ ವಾದ ನಿಂತಿಲ್ಲ. ಅರಸನು ಮೀನು ಹಿಡಿದರೆ ವಿನೋದ, ಬೆಸ್ತರ ಹುಡುಗ ಹಿಡಿದರೆ ಹೊಟ್ಟೆಪಾಡು ಎಂಬ ಭೇದವೇ ಈ ರೋಗದ ಮೂಲ. ಅರಸನಿಗೆ ಆ ವಿದ್ಯೆಯನ್ನು ಹೇಳಿಕೊಟ್ಟವರು ಯಾರು? ನೀರಿನಂಚಿನಲ್ಲಿ ಬದುಕಿದವರೇ ತಾನೆ? ಗ್ರಂಥದಲ್ಲಿ ಅವರ ಹೆಸರಿಲ್ಲ, ಅಷ್ಟೆ.

ಈಗ ಕೋಲು ಕಟ್ಟುವ ಕೆಲಸದಲ್ಲಿ ಬುದ್ಧಿಗೆ ಎಷ್ಟು ಎಡೆಯಿದೆ ಎಂಬುದನ್ನು ನೋಡೋಣ. ‘ಒಂದು ಬೊಂಬು, ಒಂದು ದಾರ, ಮುಗಿಯಿತು’ ಎನ್ನುವವರು ಒಮ್ಮೆ ಕಟ್ಟಿ ನೋಡಲಿ.

ಮೊದಲು ಗಳುವಿನ ಆಯ್ಕೆ. ಒಳಗೆ ಟೊಳ್ಳು ಕಡಮೆಯಿರುವ, ಗೆಣ್ಣು ಹತ್ತಿರ ಹತ್ತಿರವಿರುವ ಗಟ್ಟಿ ಬಿದಿರೇ ಆಗಬೇಕು. ಒಂದು ವರ್ಷದ ಎಳೆಯದು ನೋಡಲು ನುಣುಪು, ಹಚ್ಚ ಹಸುರು. ಒಣಗಿದಾಗ ಸುಕ್ಕಿ ಸೊಟ್ಟಗಾಗುತ್ತದೆ. ಮೂರು ವರ್ಷ ಬಲಿತದ್ದು ಮಬ್ಬು ಬಣ್ಣದ್ದು, ಮೈಮೇಲೆ ಕಲೆಗಳಿರುತ್ತವೆ. ಬೆರಳಿನ ಗೆಣ್ಣಿನಿಂದ ಬಡಿದರೆ ಟಣ್ ಎನ್ನುತ್ತದೆ. ಕಡಿಯುವ ಕಾಲ ಮಳೆ ನಿಂತು ಚಳಿ ಹಿಡಿದ ಮೇಲೆ. ಕೃಷ್ಣಪಕ್ಷದಲ್ಲೇ ಕಡಿಯಬೇಕೆಂದು ಹಿರಿಯರು ಹೇಳುತ್ತಾರೆ. ಪಕ್ಷದ ಮಾತು ಅವರವರ ನಂಬಿಕೆಗೆ ಬಿಟ್ಟದ್ದು. ಚಳಿಗಾಲದ ಮಾತಿಗೆ ಮಾತ್ರ ಗಟ್ಟಿ ಕಾರಣವಿದೆ: ಬಿದಿರಿನೊಳಗೆ ಪಿಷ್ಟ ಹೆಚ್ಚಿದ್ದಾಗ ಕಡಿದರೆ ಕುಟ್ಟೆಹುಳು ಹತ್ತಿ, ಆರು ತಿಂಗಳಲ್ಲಿ ಕೋಲಿನ ಕೆಳಗೆ ಹಿಟ್ಟು ಉದುರುತ್ತದೆ. ಕಡಿದ ಗಳುವನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವುದೂ ಆ ಪಿಷ್ಟವನ್ನು ತೊಳೆದು ಹಾಕಲಿಕ್ಕೆಂದೇ. ರಸಾಯನಶಾಸ್ತ್ರ ಓದದ ಮೇದಾರನಿಗೆ ಇದು ಗೊತ್ತು. ಓದಿದ ನಮಗೆ ಗೊತ್ತಿಲ್ಲ.

ಆಮೇಲೆ ನೆಟ್ಟಗೆ ಮಾಡುವುದು. ಹುಟ್ಟಾ ನೆಟ್ಟಗಿರುವ ಬಿದಿರು ಅಪರೂಪ. ಪ್ರತಿಯೊಂದು ಗೆಣ್ಣಿನಲ್ಲೂ ಒಂದು ಸಣ್ಣ ತಕರಾರು. ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿದರೆ ಮೈಮೇಲೆ ಎಣ್ಣೆಯಂತೆ ಹೊಳಪು ಜಿನುಗುತ್ತದೆ. ಅದೇ ಗುರುತು. ಆಗ ಮೊಣಕಾಲಿಗೆ ಆನಿಸಿ ಬಗ್ಗಿಸಿ, ಒದ್ದೆ ಬಟ್ಟೆ ಸುತ್ತಿ, ತಣ್ಣಗಾಗುವ ತನಕ ಬಿಡದೆ ಹಿಡಿಯಬೇಕು. ಒಂದು ಗಳಿಗೆ ಮುಂಚೆ ಬಗ್ಗಿಸಿದರೆ ಸೀಳುತ್ತದೆ, ಒಂದು ಗಳಿಗೆ ತಡವಾದರೆ ಸುಟ್ಟು ಕರಕಾಗುತ್ತದೆ. (ಟೊಳ್ಳು ಬಿದಿರಾದರೆ ಒಳಗಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುವುದೂ ಉಂಟು, ಮಕ್ಕಳನ್ನು ದೂರವಿಡುವುದು ಒಳ್ಳೆಯದು.) ಇದು ಮುಗಿದ ಮೇಲೆ ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಹಿಡಿದು, ನಡುವನ್ನು ಒತ್ತುತ್ತ ಉರುಳಿಸಿ ನೋಡಬೇಕು. ಕೋಲು ಒಂದು ಕಡೆಗೆ ತಾನಾಗಿಯೇ ಹೊರಳಿ ನಿಲ್ಲುತ್ತದೆ. ಅದರ ಬೆನ್ನು ಎಲ್ಲಿದೆಯೆಂದು ಹೀಗೆ ತಿಳಿಯುತ್ತದೆ. ದಾರ ಹಾಯುವ ಉಂಗುರಗಳನ್ನು ಆ ಗೆರೆಯ ಮೇಲೆ ಕೂರಿಸದಿದ್ದರೆ ದೊಡ್ಡ ಮೀನು ಜಗ್ಗಿದಾಗ ಕೋಲು ಕೈಯಲ್ಲೇ ತಿರುಚಿಕೊಳ್ಳುತ್ತದೆಂದು ಹೇಳುತ್ತಾರೆ. ಇಂಗಾಲದ ಎಳೆಯಿಂದ ಮಾಡಿದ ಅತ್ಯಾಧುನಿಕ ಕೊಳವೆಗೂ ಕಟ್ಟುವವರು ಈ ಪರೀಕ್ಷೆಯನ್ನೇ ಮಾಡುತ್ತಾರೆ.

ಉಂಗುರ ಬಿಗಿಯುವ ಸುತ್ತಿನಲ್ಲಂತೂ ಗಂಟೇ ಇಲ್ಲ. ನೂಲಿನ ಮೊದಲ ತುದಿಯನ್ನು ಮೇಲಿನ ಸುತ್ತುಗಳ ಕೆಳಗೇ ಅಡಗಿಸುತ್ತಾರೆ. ಕೊನೆಯ ಏಳೆಂಟು ಸುತ್ತುಗಳ ಕೆಳಗೆ ಬೇರೊಂದು ನೂಲಿನ ಕುಣಿಕೆಯಿಟ್ಟು, ಅದರಲ್ಲಿ ಕೊನೆಯ ತುದಿಯನ್ನು ತೂರಿಸಿ ಎಳೆದುಬಿಡುತ್ತಾರೆ. ಎರಡು ತುದಿಗಳೂ ಮಾಯ. ಅದರ ಮೇಲೆ ಬಡಗಿಗಳು ಬಳಸುವ ಅರಗಿನ ಪಾಲಿಶ್ ಒಂದೆರಡು ಕೈ, ಅರಗು ನೀರಿಗೆ ಬೆಳ್ಳಗಾಗುವುದರಿಂದ ಮತ್ತೆ ವಾರ್ನಿಶ್. ಕೋಲಿನ ಮೈಗೆ ಕಾಯಿಸಿದ ಅಗಸೆ ಎಣ್ಣೆ. ಈಗಿನವರು ಎರಡು ದ್ರವ ಬೆರೆಸುವ ಎಪಾಕ್ಸಿ ಹಚ್ಚುತ್ತಾರೆ. ಅದು ಗಟ್ಟಿಯಾಗುವ ತನಕ ಗಂಟೆಗಟ್ಟಲೆ ಕೋಲನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಒಂದೇ ಕಡೆಗೆ ಇಳಿದು ಜೋತುಬೀಳುತ್ತದೆ. ಅವಸರದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ನಮ್ಮ ವೈದ್ಯರ ಬಳಿಯಲ್ಲೂ ಇರಲಾರದು.

‘ಇಷ್ಟೆಲ್ಲ ಯಾಕೆ? ಕೊಂಡರಾಯಿತಲ್ಲ!’ ಎನ್ನುತ್ತಾರೆ. ಕೊಂಡ ಕೋಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಹಗುರ, ಹುಳು ಹತ್ತದು. ಆದರೆ ಅದು ಯಾವ ನೀರಿಗೂ ಸೇರಿದ್ದಲ್ಲ. ಕೆರೆಯಂಚಿನ ಜೊಂಡನ್ನು ದಾಟಿ ಬೆಂಡನ್ನು ಇಳಿಸಲು ಹನ್ನೆರಡು ಅಡಿಯಾದರೂ ಬೇಕು. ಕಾಲುವೆಯ ದಂಡೆಯಲ್ಲಿ ಅಷ್ಟು ಉದ್ದ ತಲೆನೋವು. ಜೊಂಡಿನೊಳಗೆ ಹೊಕ್ಕ ಕೊರಮೀನನ್ನು ಹೊರಗೆಳೆಯಲು ಬಿರುಸಾದ ತುದಿ ಬೇಕು. ಮೆತ್ತನೆಯ ಬಾಯಿಯ ಸಣ್ಣ ಮೀನಿಗೆ ಅದೇ ತುದಿ ಬಾಯಿ ಹರಿಯುತ್ತದೆ. ತನ್ನ ಕೈಯ ಉದ್ದ, ತಾನು ನಿಲ್ಲುವ ಕಲ್ಲು, ತಾನು ಬಯಸುವ ಮೀನು, ಈ ಮೂರನ್ನೂ ಅಳೆದು ಕಟ್ಟಿದ ಕೋಲಿಗೆ ಹೊರದೇಶಗಳಲ್ಲಿ ಭಾರಿ ಬೆಲೆ ಕೊಡುತ್ತಾರೆ. ದರೋಜಿಯ ದಂಡೆಯ ಹುಡುಗ ಮಾಡುವುದೂ ಅದನ್ನೇ.

ಬೆಲೆಯ ಮಾತು ಬಂದದ್ದರಿಂದ ಒಂದು ಇತಿಹಾಸ. 1840ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕಿನ ಕಮ್ಮಾರ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಗಾಳದ ಕೋಲು ಮಾಡಿದ. 1870ರ ದಶಕದಲ್ಲಿ ಹೈರಮ್ ಲೆನಾರ್ಡ್ ಎಂಬವನು ಆರು ಸೀಳಿನ ಕೋಲನ್ನು ದೊಡ್ಡ ವ್ಯಾಪಾರವಾಗಿಸಿದ. ಆ ಕಾಲದ ಕೋಲುಗಳಿಗೆ ಬಳಸಿದ್ದು ‘ಕಲ್ಕತ್ತಾ ಬೆತ್ತ’. ಹೆಸರು ಬೆತ್ತ, ವಸ್ತು ನಮ್ಮ ದೇಶದ ಗಟ್ಟಿ ಬಿದಿರು! ಇಪ್ಪತ್ತನೆಯ ಶತಮಾನದಲ್ಲಿ ಚೀನಾದ ಬಿದಿರು ಅದರ ಸ್ಥಾನ ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ತಡೆದಾಗ ಗಾಜಿನೆಳೆಯ ಕೋಲಿಗೆ ದಾರಿ ಸಲೀಸಾಯಿತು. ಆದರೂ ಬಿದಿರು ಸಾಯಲಿಲ್ಲ. ಎವರೆಟ್ ಗ್ಯಾರಿಸನ್ ಎಂಬ ಇಂಜಿನಿಯರು ಕೋಲಿನ ಬಾಗನ್ನು ಲೆಕ್ಕ ಹಾಕಿ ಕಟ್ಟಿದರು. ಅವರ ವಿಧಾನದ ಪುಸ್ತಕ 1977ರಲ್ಲಿ ಅಚ್ಚಾಯಿತು. ಅಲ್ಲಿ ಅದನ್ನು ಓದಿ ಮನೆಯ ಕೋಣೆಯಲ್ಲಿ ಬಿದಿರು ಸೀಳುವವನನ್ನು ಯಾರೂ ‘ಓದಿ ಹಾಳಾದ’ ಎನ್ನುವುದಿಲ್ಲ. ಇಲ್ಲಿ ಬಿದಿರಿಗೆ ನಾವು ಕೊಟ್ಟ ಮರ್ಯಾದೆಯೋ? 1927ರ ಅರಣ್ಯ ಕಾಯಿದೆ ಹುಲ್ಲಿನ ಜಾತಿಯ ಈ ಗಿಡವನ್ನು ‘ಮರ’ವೆಂದು ಕರೆಯಿತು, ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪದವಿಯಿಂದ ಬಿಡಿಸಲು 2017 ಬರಬೇಕಾಯಿತು. ತೊಂಬತ್ತು ವರ್ಷ!

ನಾನು ಕನ್ನಡದ ಮೇಷ್ಟರು. ಭಾಷೆಯ ಮಾತು ಬಿಟ್ಟರೆ ಸಂಬಳಕ್ಕೆ ದ್ರೋಹ. ಅಂಗಡಿಯ ಕೋಲಿನ ಜೊತೆಗೆ ಬ್ಲಾಂಕ್, ಗೈಡ್, ಟಿಪ್, ಫ್ಲೋಟ್ ಎಲ್ಲ ಪೊಟ್ಟಣದಲ್ಲೇ ಬರುತ್ತವೆ. ಕಟ್ಟಿದ ಕೋಲಿನ ಜೊತೆಗೆ ಬುಡ, ಗೆಣ್ಣು, ತುದಿ, ಬೆಂಡು, ಎರೆ ಇವೆ. ಗೆಣ್ಣು ಎಂದರೆ ಬಿದಿರಿನದೂ ಹೌದು, ಬೆರಳಿನದೂ ಹೌದು. ‘ಬಳಲಿ ಬೆಂಡಾದೆ’ ಎಂದು ದಿನಕ್ಕೆ ಹತ್ತು ಸಲ ಹೇಳುವ ನನ್ನ ವಿದ್ಯಾರ್ಥಿಗಳಲ್ಲಿ ಜೋಳದ ದಂಟು ಸುಲಿದು ಒಳಗಿನ ಬೆಂಡನ್ನು ಕಂಡವರು ಎಷ್ಟು ಮಂದಿ? ನೀರಿನ ಮೇಲೆ ತೇಲಿ ಮೀನಿನ ಸುದ್ದಿ ಹೇಳುವ ವಸ್ತುವೇ ಅದು. ಎರೆ ಎಂದರೆ ಗಾಳಕ್ಕೆ ಚುಚ್ಚುವ ತಿನಿಸು. ನಮ್ಮ ಬಳ್ಳಾರಿ ಸೀಮೆಯ ಕಪ್ಪು ನೆಲಕ್ಕೂ ಎರೆಯೆಂದೇ ಹೆಸರು. ಎರೆಹುಳುವಿಗೆ ಆ ಹೆಸರು ತಿನಿಸಿನಿಂದ ಬಂತೋ ಮಣ್ಣಿನಿಂದ ಬಂತೋ, ಪಂಡಿತರು ಕಾದಾಡಲಿ. ಆದರೆ ಹುಳುವನ್ನು ಒಮ್ಮೆಯಾದರೂ ಮಣ್ಣಿನಿಂದ ಬಗೆದು ಗಾಳಕ್ಕೆ ಚುಚ್ಚಿದ ಮೇಲೆ ಕಾದಾಡಿದರೆ ವಾದಕ್ಕೆ ಒಂದಿಷ್ಟು ಕಸುವು ಬಂದೀತು. ಕೆಲಸ ಹೋದರೆ ಮಾತು ಉಳಿಯುವುದಿಲ್ಲ. ಕನ್ನಡ ಅಳಿಯುತ್ತಿದೆಯೆಂದು ವಿಚಾರಸಂಕಿರಣದಲ್ಲಿ ಅಳುವವರು ಇದನ್ನು ಯೋಚಿಸಿದ್ದಾರೆಯೇ?

ಕಡೆಯ ಆಕ್ಷೇಪ ಹಿಂಸೆಯದು. ಅದನ್ನು ಪ್ರಾಮಾಣಿಕವಾಗಿ ಎತ್ತುವವರ ಮೇಲೆ ನನಗೆ ಗೌರವವಿದೆ. ಮೀನೇ ಮುಟ್ಟದವರೊಡನೆ ನನ್ನ ಜಗಳವಿಲ್ಲ. ಆದರೆ ಮಾರುಕಟ್ಟೆಯ ಮೀನನ್ನು ಚಪ್ಪರಿಸಿ, ಗಾಳವನ್ನು ಕ್ರೌರ್ಯವೆನ್ನುವವರಿಗೆ ಒಂದು ಮಾತು. 1953ರಲ್ಲಿ ನೀರು ನಿಂತ ನಮ್ಮ ತುಂಗಭದ್ರಾ ಜಲಾಶಯದಲ್ಲಿ ಅಲವಿ ಬಲೆ ಎಂಬುದೊಂದಿದೆ. ಬಹು ಉದ್ದದ ಬಲೆ, ಬಹು ಸಣ್ಣ ಕಣ್ಣು. ದಡಕ್ಕೆ ಎಳೆದಾಗ ದೊಡ್ಡದು, ಚಿಕ್ಕದು, ಮುಂದಿನ ವರ್ಷ ದೊಡ್ಡದಾಗಬೇಕಾದ ಮರಿ, ಎಲ್ಲವೂ ಒಂದೇ ರಾಶಿ. ಗಾಳ ಒಂದು ಸಲಕ್ಕೆ ಒಂದು ಮೀನನ್ನು ಕೇಳುತ್ತದೆ. ಮರಿ ಬಂದರೆ ಬಿಡಿಸಿ ನೀರಿಗೆ ಬಿಡಬಹುದು. ಕೋಲು ಹಿಡಿದ ಹುಡುಗನನ್ನು ದಂಡೆಯಿಂದ ಗದರಿಸಿ ಓಡಿಸುವ ಕಾವಲುಗಾರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಲೆಯ ಮುಂದೆ ಅವರ ದನಿ ಏಳುವುದನ್ನು ಕಾಣಲಿಲ್ಲ.

ಇನ್ನು, ಇಷ್ಟನ್ನೂ ಒಪ್ಪಿ ‘ಹಾಗಾದರೆ ಒಂದು ಬಿದಿರುಕೋಲನ್ನು ವಸ್ತುಸಂಗ್ರಹಾಲಯದಲ್ಲಿ ಇಡೋಣ’ ಎನ್ನುವ ಸಂಸ್ಕೃತಿಪ್ರೇಮಿಗಳಿದ್ದಾರೆ. ಇವರಿಗೆ ನಾನು ಹೆಚ್ಚು ಹೆದರುತ್ತೇನೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯೆಸ್ ಇಲ್ಲಿಯ ಹೊಳೆಯಲ್ಲಿ ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟ. ಹಂಪಿಯಲ್ಲಿ ಆ ಹರಿಗೋಲು ಇಂದಿಗೂ ಹೊಳೆಯ ಮೇಲೆ ಕಾಣುವುದು, ಯಾರೂ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದರಿಂದಲ್ಲ. ಅದನ್ನು ಹೆಣೆಯುವ ಕೈ, ನಡೆಸುವ ಕೈ ಇದ್ದುದರಿಂದ. ಗಾಳದ ಕೋಲಿಗೂ ಬೇಕಾದದ್ದು ಕೈಯೇ. ಮಳೆ ನಿಂತು ಚಳಿ ಬಿದ್ದಮೇಲೆ ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ಮೇದಾರರು ಬುಟ್ಟಿ ಹೆಣೆಯುವ ಕಡೆಗೆ ಹೋಗಿ, ಬಲಿತ ಗಳು ಎರಡನ್ನು ಅವರಿಂದಲೇ ಆರಿಸಿಕೊಂಡು, ಹೇಳಿದ ಬೆಲೆಗೆ ಚೌಕಾಸಿ ಮಾಡದೆ ತನ್ನಿ. ಎರಡು ಯಾಕೆಂದರೆ, ಮೊದಲನೆಯದು ಕೆಂಡದ ಮೇಲೆ ಸೀಳುವ ಸಂಭವ ಹೆಚ್ಚು.